ಗುಂಡು ಹಾರುವ ಮೊದಲಿನ ಲೆಕ್ಕಾಚಾರ: ಕೌಂಟರ್-ಸ್ಟ್ರೈಕ್ ಪಂದ್ಯವನ್ನು ಓದುವ ಬಗೆ

ಗುಂಡು ಹಾರಿಸುವ ಕಂಪ್ಯೂಟರ್ ಆಟಗಳಲ್ಲಿ ಬೆರಳಿನ ಚುರುಕು ಮತ್ತು ಕಣ್ಣಿನ ತೀಕ್ಷ್ಣತೆಗಳೇ ಗೆಲುವನ್ನು ತಂದುಕೊಡುತ್ತವೆ ಎಂಬ ಅಭಿಪ್ರಾಯ ಹೊರಗಿನಿಂದ ನೋಡುವವರಲ್ಲಿ ಸಾಮಾನ್ಯವಾಗಿದೆ. ವೃತ್ತಿಪರ ಮಟ್ಟಕ್ಕೆ ಏರಿದ ಆಟಗಾರರೆಲ್ಲರಲ್ಲೂ ಈ ಎರಡು ಗುಣಗಳು ಹೆಚ್ಚುಕಡಿಮೆ ಸಮನಾಗಿ ಇರುವುದರಿಂದ, ಅಲ್ಲಿ ಒಂದು ತಂಡ ಇನ್ನೊಂದಕ್ಕಿಂತ ಮೇಲಾಗುವುದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಇಬ್ಬರು ಎದುರಾಳಿಗಳು ಯಾವ ಮೂಲೆಯಲ್ಲಿ, ಯಾವ ಗಳಿಗೆಯಲ್ಲಿ, ಯಾವ ಆಯುಧ ಹಿಡಿದು, ಒಬ್ಬರ ಬಗ್ಗೆ ಇನ್ನೊಬ್ಬರು ಎಷ್ಟು ತಿಳಿದುಕೊಂಡು ಮುಖಾಮುಖಿಯಾಗುತ್ತಾರೆ ಎಂಬುದನ್ನು ತಂಡಗಳ ನಿರ್ಧಾರಗಳು ಬಹಳ ಮೊದಲೇ ಗೊತ್ತುಮಾಡಿರುತ್ತವೆ. ಆ ಮುಖಾಮುಖಿಯಲ್ಲಿ ಯಾರು ಉಳಿಯುತ್ತಾರೆ ಎಂಬುದನ್ನಷ್ಟೇ ಗುರಿಕಾರಿಕೆ ಇತ್ಯರ್ಥಪಡಿಸುತ್ತದೆ. ಆದ್ದರಿಂದ ಇಂಥ ಪಂದ್ಯವನ್ನು ವಿಶ್ಲೇಷಿಸುವುದೆಂದರೆ ಪರದೆಯ ಮೇಲೆ ಕಾಣುವ ಸಾವುಗಳಿಂದ ಹಿಂದಕ್ಕೆ ನಡೆದು, ಅವುಗಳಿಗೆ ದಾರಿ ಮಾಡಿಕೊಟ್ಟ ಆಯ್ಕೆಗಳನ್ನು ಗುರುತಿಸುವುದೇ ಆಗಿದೆ.

ಈ ಬಗೆಯ ಓದಿಗೆ ಕೌಂಟರ್-ಸ್ಟ್ರೈಕ್‌ನಷ್ಟು ಸೂಕ್ತವಾದ ಆಟ ಮತ್ತೊಂದಿಲ್ಲ. 1999ರಲ್ಲಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಹವ್ಯಾಸಿಗಳು ಹಾಫ್-ಲೈಫ್ ಎಂಬ ಆಟವನ್ನು ಮಾರ್ಪಡಿಸಿ ರೂಪಿಸಿದ ಇದನ್ನು ವಾಲ್ವ್ ಕಂಪನಿ ತನ್ನದಾಗಿಸಿಕೊಂಡು 2000ದಲ್ಲಿ ಮಾರುಕಟ್ಟೆಗೆ ತಂದಿತು. ಮುಂದೆ 2012ರಲ್ಲಿ ಗ್ಲೋಬಲ್ ಅಫೆನ್ಸಿವ್, 2023ರಲ್ಲಿ ಕೌಂಟರ್-ಸ್ಟ್ರೈಕ್ 2 ಎಂಬ ಆವೃತ್ತಿಗಳು ಬಂದವು. ಬೆಂಗಳೂರೂ ಸೇರಿದಂತೆ ಭಾರತದ ನಗರಗಳ ಸೈಬರ್ ಕೆಫೆಗಳಲ್ಲಿ ಈ ಶತಮಾನದ ಮೊದಲ ದಶಕವನ್ನು ಕಳೆದ ತಲೆಮಾರಿಗೆ ಇದರ 1.6 ಆವೃತ್ತಿ ಚೆನ್ನಾಗಿ ಪರಿಚಿತ. ಐದೈದು ಆಟಗಾರರ ಎರಡು ತಂಡಗಳಲ್ಲಿ ಒಂದು ದಾಳಿ ಮಾಡುವ ಪಕ್ಷವಾಗಿ, ನಕ್ಷೆಯ ಮೇಲಿನ ಎ ಮತ್ತು ಬಿ ಎಂಬ ಎರಡು ತಾಣಗಳಲ್ಲಿ ಒಂದರಲ್ಲಿ ಬಾಂಬ್ ಇಟ್ಟು ಅದು ಸಿಡಿಯುವವರೆಗೆ ಕಾಯಬೇಕು. ಇನ್ನೊಂದು ರಕ್ಷಿಸುವ ಪಕ್ಷವಾಗಿ ಅದನ್ನು ತಡೆಯಬೇಕು, ಅಥವಾ ಇಟ್ಟ ಬಾಂಬನ್ನು ನಿಷ್ಕ್ರಿಯಗೊಳಿಸಬೇಕು. ಒಂದು ಸುತ್ತಿಗೆ 1 ನಿಮಿಷ 55 ಸೆಕೆಂಡುಗಳ ಅವಧಿ ಇದ್ದು, ಬಾಂಬ್ ಇಟ್ಟ ಮೇಲೆ ಅದು ಸಿಡಿಯಲು 40 ಸೆಕೆಂಡು ಹಿಡಿಯುತ್ತದೆ. ಕಬಡ್ಡಿಯಲ್ಲಿ ಔಟಾದ ಆಟಗಾರ ತನ್ನವರು ಎದುರಾಳಿಯನ್ನು ಔಟ್ ಮಾಡಿದಾಗ ಅಂಕಣಕ್ಕೆ ಮರಳಬಹುದು, ಆದರೆ ಇಲ್ಲಿ ಸತ್ತವನು ಆ ಸುತ್ತು ಮುಗಿಯುವ ತನಕ ಮರಳಲಾರ. ಒಂದೊಂದು ಜೀವಕ್ಕೂ ಇಷ್ಟು ಬೆಲೆ ಇರುವುದರಿಂದಲೇ ಆಟಗಾರರು ಬಹಳ ಹೊತ್ತು ಗುಂಡೇ ಹಾರಿಸದೆ ಮೂಲೆಗಳಲ್ಲಿ ಕಾಯುತ್ತಾರೆ.

ಈ ಆಟದ ಅತಿ ದೊಡ್ಡ ಪಂದ್ಯಾವಳಿಗಳನ್ನು ಮೇಜರ್ ಎಂದು ಕರೆಯಲಾಗುತ್ತದೆ. 2018ರ ಜನವರಿ 28ರಂದು ಅಮೆರಿಕದ ಬಾಸ್ಟನ್ ನಗರದ ಅಗ್ಯಾನಿಸ್ ಅರೀನಾದಲ್ಲಿ ನಡೆದ ಮೇಜರ್ ಫೈನಲ್ ತಂತ್ರದ ಅಭ್ಯಾಸಿಗಳು ಇಂದಿಗೂ ಮತ್ತೆ ಮತ್ತೆ ತೆರೆದು ನೋಡಬೇಕಾದ ಪಂದ್ಯವಾಗಿದೆ. ಒಂದು ಕಡೆ ಫೇಜ್ ಕ್ಲ್ಯಾನ್ ಇತ್ತು: ಡೆನ್ಮಾರ್ಕಿನ ಫಿನ್ ಆ್ಯಂಡರ್ಸನ್, ಬೋಸ್ನಿಯಾದ ನಿಕೋಲಾ ಕೊವಾಚ್, ನಾರ್ವೆಯ ಹೊವಾರ್ಡ್ ನೈಗಾರ್ಡ್, ಸ್ವೀಡನ್ನಿನ ಒಲೊಫ್ ಕೈಬ್ಯೆರ್, ಸ್ಲೊವಾಕಿಯಾದ ಲಾಡಿಸ್ಲಾವ್ ಕೊವಾಚ್ ಹೀಗೆ ಐದು ದೇಶಗಳ ಐವರು ಘಟಾನುಘಟಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಆ ತಂಡವೇ ಗೆಲ್ಲುತ್ತದೆಂಬ ನಿರೀಕ್ಷೆ ಎಲ್ಲೆಡೆ ಇತ್ತು. ಇನ್ನೊಂದು ಕಡೆ ಅಮೆರಿಕದ ಕ್ಲೌಡ್ ನೈನ್. ತಾರಿಕ್ ಚೆಲಿಕ್, ಜೇಕ್ ಯಿಪ್, ಟೈಲರ್ ಲೇಥಮ್, ಟಿಮತಿ ಟಾ ಮತ್ತು ವಿಲ್ ವಿಯರ್ಜ್ಬಾ ಅವರ ಈ ತಂಡ ಗುಂಪು ಹಂತದ ಮೊದಲ ಎರಡು ಪಂದ್ಯಗಳನ್ನೂ ಸೋತು, ಇನ್ನೊಂದು ಸೋತರೆ ಮನೆಗೆ ಎಂಬ ಸ್ಥಿತಿಯಿಂದ ಸತತ ಮೂರು ಗೆದ್ದು ಮೇಲೆ ಬಂದಿತ್ತು. ಮೂರು ನಕ್ಷೆಗಳ ಫೈನಲ್‌ನಲ್ಲಿ ಮೊದಲನೆಯದಾದ ಮಿರಾಜ್ ಅನ್ನು ಫೇಜ್ 16-14ರಿಂದ ಗೆದ್ದರೆ, ಎರಡನೆಯ ಓವರ್‌ಪಾಸ್ ಅನ್ನು ಕ್ಲೌಡ್ ನೈನ್ 16-10ರಿಂದ ಗೆದ್ದಿತು. ನಿರ್ಣಾಯಕವಾದ ಇನ್ಫರ್ನೊ ನಕ್ಷೆಯಲ್ಲಿ 15-11ರಿಂದ ಮುಂದಿದ್ದ ಫೇಜ್‌ಗೆ ಪಟ್ಟಕ್ಕೆ ಒಂದೇ ಸುತ್ತು ಬೇಕಾಗಿದ್ದಾಗ, ಕ್ಲೌಡ್ ನೈನ್ ಸತತ ನಾಲ್ಕು ಸುತ್ತು ಗೆದ್ದು 15-15 ಮಾಡಿ, ಆರಾರು ಸುತ್ತುಗಳ ಹೆಚ್ಚುವರಿ ಅವಧಿಗೆ ಪಂದ್ಯವನ್ನು ಎಳೆಯಿತು. ಮೊದಲ ಹೆಚ್ಚುವರಿ ಅವಧಿ 3-3ರಲ್ಲಿ ಸಮವಾಗಿ, ಎರಡನೆಯದನ್ನು ಕ್ಲೌಡ್ ನೈನ್ 4-1ರಿಂದ ಗೆದ್ದು, 22-19ರ ಅಂಕದೊಂದಿಗೆ ಮೇಜರ್ ಗೆದ್ದ ಮೊದಲ ಉತ್ತರ ಅಮೆರಿಕದ ತಂಡವಾಯಿತು.

ಇಂಥ ತಿರುವನ್ನು ಛಲ ಅಥವಾ ಮನೋಬಲದ ಕಥೆಯಾಗಿ ಹೇಳುವುದು ಸುಲಭ, ಮತ್ತು ಅದರಲ್ಲಿ ಸುಳ್ಳೂ ಇಲ್ಲ. ಆದರೆ 15-11 ಎಂಬ ಅಂಕ ಹೊರಗಿನಿಂದ ಕಾಣುವಷ್ಟು ದೊಡ್ಡ ಅಂತರವಲ್ಲ ಎಂಬುದು ಆಟದೊಳಗಿನ ಹಣದ ಲೆಕ್ಕ ಬಲ್ಲವರಿಗೆ ಮಾತ್ರ ಗೊತ್ತಾಗುತ್ತದೆ. ಕೌಂಟರ್-ಸ್ಟ್ರೈಕ್‌ನಲ್ಲಿ ಆಯುಧಗಳು ಬಿಟ್ಟಿ ಸಿಗುವುದಿಲ್ಲ. ಪ್ರತಿ ಆಟಗಾರನೂ ಪ್ರತಿ ಸುತ್ತಿನ ಆರಂಭದಲ್ಲಿ ತನ್ನ ಬಳಿ ಇರುವ ಆಟದ ಡಾಲರುಗಳಿಂದ ಅವನ್ನು ಕೊಳ್ಳಬೇಕು, ಸತ್ತರೆ ಕೊಂಡದ್ದೆಲ್ಲ ಹೋಗುತ್ತದೆ, ಉಳಿದರೆ ಮುಂದಿನ ಸುತ್ತಿಗೂ ಅದು ಅವನದೇ. ಮೊದಲ ಸುತ್ತಿನಲ್ಲಿ ತಲೆಗೆ 800 ಮಾತ್ರ ಸಿಗುವುದರಿಂದ ಪಿಸ್ತೂಲಿನಲ್ಲೇ ಕಾದಾಡಬೇಕಾಗಿ, ಅದಕ್ಕೆ ಪಿಸ್ತೂಲ್ ಸುತ್ತು ಎಂದೇ ಹೆಸರಿದೆ. ಸುತ್ತು ಗೆದ್ದವರಿಗೆ ತಲಾ 3250, ಬಾಂಬ್ ಸಿಡಿಸಿ ಅಥವಾ ನಿಷ್ಕ್ರಿಯಗೊಳಿಸಿ ಗೆದ್ದರೆ 3500 ಸಿಗುತ್ತದೆ. 2018ರಲ್ಲಿ ಸೋತವರಿಗೆ ಮೊದಲ ಸೋಲಿಗೆ 1400 ಸಿಕ್ಕಿ, ಸತತವಾಗಿ ಸೋತಂತೆಲ್ಲ 500ರಂತೆ ಏರುತ್ತ 3400ಕ್ಕೆ ನಿಲ್ಲುತ್ತಿತ್ತು. ದಾಳಿಯ ಪಕ್ಷದ ಎಕೆ-47 ರೈಫಲ್ಲಿಗೆ 2700, ದೇಹದ ಕವಚ ಮತ್ತು ಶಿರಸ್ತ್ರಾಣಕ್ಕೆ 1000, ನಾಲ್ಕು ಗ್ರೆನೇಡುಗಳಿಗೆ ಸುಮಾರು 1100 ಎಂದು ಕೂಡಿಸಿದರೆ, ಪೂರ್ಣ ಸಜ್ಜಾಗಲು ಒಬ್ಬನಿಗೆ ಐದು ಸಾವಿರದ ಹತ್ತಿರ ಬೇಕಾಗುತ್ತದೆ. ದುಬಾರಿ ರೈಫಲ್ಲು ಮತ್ತು ಬಾಂಬ್ ಬಿಚ್ಚುವ ಕಿಟ್ ಎರಡನ್ನೂ ಕೊಳ್ಳಬೇಕಾದ ರಕ್ಷಣಾ ಪಕ್ಷದ ಖರ್ಚು ಅದಕ್ಕೂ ಹೆಚ್ಚು.

ಒಂದು ಸೋಲಿನ ಪರಿಹಾರ ಒಂದು ಸುತ್ತಿನ ಖರ್ಚಿನ ಮೂರನೆಯ ಒಂದು ಭಾಗಕ್ಕೂ ಸಾಲದು ಎಂಬುದೇ ಈ ವ್ಯವಸ್ಥೆಯ ತಿರುಳು. ಹಣವಿಲ್ಲದ ತಂಡದ ಮುಂದೆ ಎರಡು ದಾರಿಗಳಿರುತ್ತವೆ. ಏನೂ ಕೊಳ್ಳದೆ ಆ ಸುತ್ತನ್ನು ಬಹುಪಾಲು ಬಿಟ್ಟುಕೊಟ್ಟು ಉಳಿತಾಯ ಮಾಡುವುದನ್ನು ಎಕೋ ಎನ್ನುತ್ತಾರೆ. ಇದ್ದಬದ್ದ ಹಣವನ್ನೆಲ್ಲ ಸುರಿದು ಅರೆಬರೆ ಆಯುಧಗಳೊಂದಿಗೆ ನುಗ್ಗುವುದನ್ನು ಫೋರ್ಸ್ ಬೈ ಎನ್ನುತ್ತಾರೆ. 2018ರ ನಿಯಮದಂತೆ ಒಂದೇ ಒಂದು ಗೆಲುವು ಬಂದರೂ ಸೋಲಿನ ಪರಿಹಾರದ ಏಣಿ ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಿತ್ತು. ಆದ್ದರಿಂದ ಮುಂದಿರುವ ತಂಡ ಗೆಲುವಿನ ನಂತರ ಒಂದು ಸುತ್ತು ಸೋತರೆ ಅದಕ್ಕೆ ಸಿಗುತ್ತಿದ್ದುದು ತಲಾ 1400 ಮಾತ್ರ. ಖಜಾನೆಯಲ್ಲಿ ಹಳೆಯ ಉಳಿತಾಯ ಇದ್ದರೆ ಅದು ಇನ್ನೊಂದು ಸುತ್ತಿಗೆ ಸಜ್ಜಾಗಬಹುದು, ಅದನ್ನೂ ಸೋತರೆ ಕೈ ಬರಿದಾಗುತ್ತದೆ. ಪಟ್ಟಕ್ಕೆ ಒಂದೇ ಹೆಜ್ಜೆ ಇರುವ ತಂಡ ಉಳಿತಾಯಕ್ಕೆ ಕೂರದೆ ಪ್ರತಿ ಸುತ್ತಿನಲ್ಲೂ ಇರುವುದನ್ನೆಲ್ಲ ಹಾಕುವ ಆಸೆಗೆ ಬೀಳುವುದು ಸಹಜ, ಹಿಂದಿರುವ ತಂಡಕ್ಕಾದರೋ ಉಳಿಸುವ ಮಾತೇ ಇಲ್ಲ, ಏಕೆಂದರೆ ಮುಂದಿನ ಸುತ್ತು ಇರುತ್ತದೆಂಬ ಖಾತರಿಯೇ ಅದಕ್ಕಿಲ್ಲ. ಹೀಗಾಗಿ 15-11ರಂಥ ಸ್ಥಿತಿಯಲ್ಲಿ ಹಿಂದಿರುವ ತಂಡ ಮೊದಲ ಒಂದೆರಡು ಸುತ್ತುಗಳನ್ನು ಗೆದ್ದುಬಿಟ್ಟರೆ, ಅಂಕಪಟ್ಟಿ ಎದುರಾಳಿಯ ಕಡೆಗೇ ಇದ್ದರೂ ಆಯುಧಬಲ ಅದರ ಕಡೆಗೆ ವಾಲಿರುತ್ತದೆ. ಯಾವ ಸುತ್ತಿನಲ್ಲಿ ಯಾರು ಎಷ್ಟು ಹಣದೊಂದಿಗೆ ಇಳಿದರು ಎಂಬುದನ್ನು ಬರೆದುಕೊಳ್ಳದೆ ಪಂದ್ಯದ ತಿರುವನ್ನು ವಿವರಿಸಹೊರಡುವವರು ಅರ್ಧ ಕಥೆಯನ್ನಷ್ಟೇ ಹೇಳಿದಂತಾಗುತ್ತದೆ.

ಹಣದ ನಂತರ ನೋಡಬೇಕಾದದ್ದು ನೆಲ. ಇನ್ಫರ್ನೊ ನಕ್ಷೆ ದಕ್ಷಿಣ ಯುರೋಪಿನ ಹಳೆಯ ಪಟ್ಟಣವೊಂದನ್ನು ಹೋಲುವಂತಿದ್ದು, ಅದರ ಬಿ ತಾಣಕ್ಕೆ ದಾಳಿಕೋರರು ಹೋಗುವ ಮುಖ್ಯ ದಾರಿ ಬಾಗಿದ ಒಂದು ಕಿರಿದಾದ ಓಣಿ. ಆ ಬಾಗಿನ ಆಕಾರದಿಂದಾಗಿ ಆಟಗಾರರು ಅದನ್ನು ಬನಾನಾ ಎಂದು ಕರೆಯುತ್ತಾರೆ. ಸುತ್ತು ಆರಂಭವಾದ ಕೆಲವೇ ಸೆಕೆಂಡುಗಳಲ್ಲಿ ಎರಡೂ ಪಕ್ಷಗಳು ಈ ಓಣಿಗಾಗಿ ಬೆಂಕಿಯ ಗ್ರೆನೇಡುಗಳನ್ನೂ ಕಣ್ಣು ಕುಕ್ಕುವ ಫ್ಲ್ಯಾಶ್‌ಗಳನ್ನೂ ಎರಚಾಡುವುದನ್ನು ಕಂಡ ಹೊಸ ಪ್ರೇಕ್ಷಕರಿಗೆ, ಬಾಂಬ್ ಇಡುವ ಜಾಗ ಇನ್ನೂ ದೂರವಿರುವಾಗ ಇಲ್ಲೇಕೆ ಇಷ್ಟು ಖರ್ಚು ಎಂಬ ಪ್ರಶ್ನೆ ಏಳುತ್ತದೆ. ಓಣಿ ರಕ್ಷಕರ ಕೈಯಲ್ಲಿದ್ದರೆ ದಾಳಿ ಬಿ ಕಡೆಗೆ ಬರುತ್ತಿದೆಯೇ ಎಂಬುದು ಅವರಿಗೆ ಮುಂಚಿತವಾಗಿ ತಿಳಿಯುತ್ತದೆ, ಆದ್ದರಿಂದ ಅಲ್ಲಿ ಒಬ್ಬಿಬ್ಬರನ್ನು ನಿಲ್ಲಿಸಿ ಉಳಿದವರನ್ನು ಎ ಕಡೆಗೆ ಹಂಚಬಹುದು. ಓಣಿ ದಾಳಿಕೋರರ ವಶವಾದರೆ ಅವರು ಯಾವ ಕ್ಷಣದಲ್ಲಾದರೂ ತಾಣದೊಳಗೆ ನುಗ್ಗಬಹುದೆಂಬ ಭಯದಿಂದ ರಕ್ಷಕರು ಬಿ ಹತ್ತಿರ ಹೆಚ್ಚು ಜನರನ್ನು ಇಡಬೇಕಾಗಿ, ಎ ತಾಣ ತೆಳುವಾಗುತ್ತದೆ. ದಾಳಿಕೋರರು ಬನಾನಾದಲ್ಲಿ ಒಬ್ಬನನ್ನಷ್ಟೇ ಸದ್ದು ಮಾಡಲು ಬಿಟ್ಟು, ನಾಲ್ವರು ಎ ಕಡೆಗೆ ತಿರುಗಿ ಗೆದ್ದ ಸುತ್ತುಗಳಲ್ಲಿ ಆ ಒಬ್ಬನ ಹೆಸರಿಗೆ ಒಂದು ಹತ್ಯೆಯೂ ಬರೆದಿರುವುದಿಲ್ಲ. ಆದರೂ ಸುತ್ತನ್ನು ಗೆದ್ದುಕೊಟ್ಟವನು ಅವನೇ ಎಂದು ಹೇಳಬೇಕಾಗುತ್ತದೆ.

ಓಣಿಯ ಕಾಳಗಕ್ಕೆ ಬೆಲೆ ಇದೆ, ಆ ಬೆಲೆ ಗ್ರೆನೇಡುಗಳ ರೂಪದಲ್ಲಿರುತ್ತದೆ. ಒಬ್ಬ ಆಟಗಾರ ಹೊರಬಹುದಾದದ್ದು ನಾಲ್ಕೇ ಗ್ರೆನೇಡುಗಳು. ಹೊಗೆಯ ಗ್ರೆನೇಡು, ಅಂದರೆ ಸ್ಮೋಕ್, ಸುಮಾರು 18 ಸೆಕೆಂಡುಗಳ ಕಾಲ ಒಂದು ದಾರಿಗೆ ಗೋಡೆ ಕಟ್ಟಿದಂತೆ ದೃಷ್ಟಿಯನ್ನು ಮುಚ್ಚುತ್ತದೆ. ಬೆಂಕಿಯ ಗ್ರೆನೇಡು ಒಂದು ಮೂಲೆಯಲ್ಲಿ ಯಾರೂ ನಿಲ್ಲದಂತೆ ಮಾಡುತ್ತದೆ. ಫ್ಲ್ಯಾಶ್ ಎದುರಾಳಿಯನ್ನು ಕೆಲ ಕ್ಷಣ ಕುರುಡಾಗಿಸುತ್ತದೆ. ತಾಣವೊಂದಕ್ಕೆ ನುಗ್ಗುವಾಗ ರಕ್ಷಕರು ನಿಂತು ನೋಡಬಹುದಾದ ನಾಲ್ಕೈದು ಕೋನಗಳಲ್ಲಿ ಮೂರನ್ನು ಹೊಗೆಯಿಂದ ಮುಚ್ಚಿದರೆ, ನುಗ್ಗುವವರು ಒಂದೆರಡು ಕೋನಗಳ ಕಡೆಗೆ ಮಾತ್ರ ಗುರಿ ಹಿಡಿದರೆ ಸಾಕಾಗುತ್ತದೆ. ಮೊದಲ ಅರ್ಧ ನಿಮಿಷದಲ್ಲೇ ಹೊಗೆಯನ್ನೆಲ್ಲ ಖರ್ಚು ಮಾಡಿದ ತಂಡ ಕೊನೆಯ ಅರ್ಧ ನಿಮಿಷದಲ್ಲಿ ಎಲ್ಲ ಕೋನಗಳಿಗೂ ಎದೆಯೊಡ್ಡಿ ಓಡಬೇಕಾಗುತ್ತದೆ. ಈ ಕಲೆಯನ್ನು ಪರಾಕಾಷ್ಠೆಗೆ ಒಯ್ದ ತಂಡವೆಂದರೆ ಡೆನ್ಮಾರ್ಕಿನ ಆಸ್ಟ್ರಾಲಿಸ್. 2018ರ ಸೆಪ್ಟೆಂಬರಿನಲ್ಲಿ ಲಂಡನ್, 2019ರ ಮಾರ್ಚಿನಲ್ಲಿ ಕಟೋವಿಟ್ಸೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬರ್ಲಿನ್ ಹೀಗೆ ಸತತ ಮೂರು ಮೇಜರ್‌ಗಳನ್ನು ಗೆದ್ದ ಆ ತಂಡ, ಲೂಕಸ್ ರೊಸಾಂಡರ್ ಅವರ ನಾಯಕತ್ವದಲ್ಲಿ, ಎದುರಾಳಿ ಕಣ್ಣಿಗೆ ಬೀಳುವ ಮೊದಲೇ ಗ್ರೆನೇಡುಗಳಿಂದ ಅವನ ಆರೋಗ್ಯವನ್ನೂ ಜಾಗವನ್ನೂ ಕಸಿದುಕೊಂಡುಬಿಡುತ್ತಿತ್ತು. ಆ ತಂಡದ ಆಟ ನೀರಸವೆಂದು ಅಂದು ದೂರಿದ ಪ್ರೇಕ್ಷಕರು ಇದ್ದರು. ಆದರೆ ಐವರ ಕೈಗಳು ಒಂದೇ ಕ್ಷಣಕ್ಕೆ ಹೊಂದಿಕೊಂಡು ಕೆಲಸ ಮಾಡುವ ಆ ಸುತ್ತುಗಳಲ್ಲಿ ಇರುವ ಸೊಗಸು ಯಾವ ಒಂಟಿ ಸಾಹಸದಲ್ಲೂ ಕಾಣಸಿಗದು.

ನೆಲಕ್ಕೂ ಮಿಗಿಲಾದ ಸೊತ್ತು ಮಾಹಿತಿ. ಓಡಿದರೆ ಹೆಜ್ಜೆಯ ಸದ್ದು ಎದುರಾಳಿಗೆ ಕೇಳುತ್ತದೆ, ಮೆಲ್ಲಗೆ ನಡೆದರೆ ಕೇಳುವುದಿಲ್ಲ, ಆದರೆ ಸಮಯ ಹೋಗುತ್ತದೆ. ಆದ್ದರಿಂದ ದಾಳಿಯ ತಂಡ ಸುತ್ತಿನ ಆರಂಭದಲ್ಲಿ ನಕ್ಷೆಯ ಉದ್ದಗಲಕ್ಕೂ ಚದುರಿ ನಿಂತು, ಎಲ್ಲಿ ಪ್ರತಿರೋಧ ಬರುತ್ತದೆ, ಎಲ್ಲಿ ಯಾರ ಗ್ರೆನೇಡು ಬೀಳುತ್ತದೆ ಎಂಬುದನ್ನು ಗಮನಿಸುವ ಕ್ರಮವಿದೆ. ಇದಕ್ಕೆ ಡಿಫಾಲ್ಟ್ ಎಂದು ಹೆಸರು. ತಂಡದ ನಾಯಕ, ಆಟಗಾರರ ಮಾತಿನಲ್ಲಿ ಐಜಿಎಲ್, ಈ ತುಣುಕುಗಳನ್ನು ಜೋಡಿಸಿ, ಎದುರಾಳಿಗಳಲ್ಲಿ ಮೂವರು ಎ ಕಡೆ ಇದ್ದಾರೆಂದು ಊಹಿಸಿ, ಬಿ ಕಡೆಗೆ ನುಗ್ಗುವಂತೆ ಕರೆ ಕೊಡುತ್ತಾನೆ. ಕಾಣದ ಎದುರಾಳಿ ಎಲ್ಲಿರಬಹುದೆಂಬ ಈ ಊಹೆಯೇ ಇಡೀ ಆಟದ ಬೌದ್ಧಿಕ ಕೇಂದ್ರ. ಅದರ ಬೆಲೆ ಎಷ್ಟೆಂಬುದಕ್ಕೆ ಒಂದು ಕಹಿ ಸಾಕ್ಷ್ಯವೂ ಇದೆ: ತರಬೇತುದಾರರ ಕ್ಯಾಮೆರಾವನ್ನು ನಕ್ಷೆಯ ಒಂದು ಜಾಗದಲ್ಲಿ ಸಿಲುಕಿಸಿ, ಎದುರಾಳಿಗಳ ಓಡಾಟವನ್ನು ಕದ್ದು ನೋಡಲು ಅವಕಾಶ ಕೊಡುತ್ತಿದ್ದ ತಾಂತ್ರಿಕ ದೋಷವೊಂದನ್ನು ಬಳಸಿಕೊಂಡದ್ದಕ್ಕಾಗಿ, ಇ-ಸ್ಪೋರ್ಟ್ಸ್ ಇಂಟೆಗ್ರಿಟಿ ಕಮಿಷನ್ 2020ರ ಸೆಪ್ಟೆಂಬರಿನಲ್ಲಿ 37 ತರಬೇತುದಾರರ ಮೇಲೆ ನಿಷೇಧ ಹೇರಿತು. ಅದಕ್ಕೂ ಮೊದಲು, 2016ರಲ್ಲಿ, ವಾಲ್ವ್ ತನ್ನ ಮೇಜರ್‌ಗಳಲ್ಲಿ ತರಬೇತುದಾರರು ಅರ್ಧ ನಿಮಿಷದ ಟೈಮ್‌ಔಟ್‌ಗಳನ್ನು ಬಿಟ್ಟು ಸುತ್ತು ನಡೆಯುವಾಗ ಮಾತಾಡಬಾರದೆಂದು ನಿಯಮ ಮಾಡಿತ್ತು. ಗುರಿ ಹಿಡಿಯುವ ಕೆಲಸವಿಲ್ಲದ ಆರನೆಯ ತಲೆಯೊಂದು ಯೋಚಿಸಲು ಸಿಕ್ಕರೆ ಆಟದ ಸಮತೋಲನವೇ ಬದಲಾಗುತ್ತದೆ ಎಂಬುದನ್ನು ಆ ನಿಯಮವೇ ಒಪ್ಪಿಕೊಂಡಂತಾಗಿತ್ತು. ಬಾಸ್ಟನ್ನಿನ ಫೈನಲ್ ನಡೆದದ್ದು ಈ ನಿಯಮದ ಅಡಿಯಲ್ಲೇ.

ತಂಡದೊಳಗಿನ ಪಾತ್ರಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲು ನುಗ್ಗಿ ಸಾಯುವ ಅಪಾಯವನ್ನು ಹೊರುವವನು ಎಂಟ್ರಿ. ಅವನ ಬೆನ್ನಿಗೇ ಬಂದು, ಅವನನ್ನು ಕೊಂದವನನ್ನು ತಕ್ಷಣ ಕೊಂದು ಲೆಕ್ಕ ಸರಿಮಾಡುವುದು ಟ್ರೇಡ್. ಗುಂಪಿನಿಂದ ದೂರವಿದ್ದು ಎದುರಾಳಿಯ ಬೆನ್ನ ಹಿಂದೆ ಸುಳಿಯುವವನು ಲರ್ಕರ್. ತಾಣವೊಂದನ್ನು ಒಂಟಿಯಾಗಿ ಕಾಯುವ ರಕ್ಷಕ ಆಂಕರ್. ಎದೆಗೆ ಬಿದ್ದ ಒಂದೇ ಗುಂಡಿನಿಂದ ಕೊಲ್ಲುವ, 4750 ಡಾಲರ್ ಬೆಲೆಯ ಎಡಬ್ಲ್ಯುಪಿ ಬಂದೂಕನ್ನು ಹಿಡಿಯುವವನು ಆಪರ್. ಇವುಗಳಲ್ಲಿ ವಿಶ್ಲೇಷಕನ ಕಣ್ಣು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಟ್ರೇಡ್ ಮೇಲೆ, ಏಕೆಂದರೆ ಇಬ್ಬರು ಆಟಗಾರರ ನಡುವಿನ ಅಂತರ ಸರಿಯಾಗಿತ್ತೇ ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ: ಎಂಟ್ರಿ ಸತ್ತಾಗ ಅವನ ಜೊತೆಗಾರ ಆ ಮೂಲೆಯನ್ನು ನೋಡಲಾರದಷ್ಟು ಹಿಂದೆ ಉಳಿದಿದ್ದರೆ, ತಪ್ಪು ಸತ್ತವನದಲ್ಲ.

ಫೇಜ್ ಮತ್ತು ಕ್ಲೌಡ್ ನೈನ್ ನಾಯಕತ್ವದ ವಿಷಯದಲ್ಲಿ ಎರಡು ಬಗೆಯ ತಂಡಗಳಾಗಿದ್ದವು. ಫೇಜ್‌ನ ನಾಯಕ ಆ್ಯಂಡರ್ಸನ್ ತಮ್ಮ ಸುತ್ತಲಿನ ಅಸಾಧಾರಣ ಗುರಿಕಾರರಿಗೆ ಬಿಗಿಯಾದ ವ್ಯೂಹಗಳ ಕಟ್ಟು ಹಾಕುವ ಬದಲು, ಅವರಿಗೆ ಒಪ್ಪುವ ಮುಖಾಮುಖಿಗಳು ಒದಗುವಂತೆ ಸಡಿಲವಾದ ಕರೆಗಳನ್ನು ಕೊಡುವ ಜಾಣ್ಮೆಗೆ ಹೆಸರಾಗಿದ್ದರು. ಕ್ಲೌಡ್ ನೈನ್‌ನಲ್ಲಿ ನಾಯಕತ್ವದ ಹೊಣೆ ಹೊತ್ತಿದ್ದ ತಾರಿಕ್ ಚೆಲಿಕ್ ಅದೇ ಪಂದ್ಯಾವಳಿಯ ಅತ್ಯುತ್ತಮ ಆಟಗಾರನೆಂದೂ ಆಯ್ಕೆಯಾದರು. ಐದು ಜನರ ಪರವಾಗಿ ಯೋಚಿಸುತ್ತಲೇ ಗುರಿಯನ್ನೂ ಕಾಯ್ದುಕೊಳ್ಳುವುದು ಎಷ್ಟು ಕಷ್ಟವೆಂದರೆ, ನಾಯಕನಿಗೆ ಈ ಗೌರವ ಸಲ್ಲುವುದು ಅಪರೂಪ. ಅದೇ ತಂಡದ ಜೇಕ್ ಯಿಪ್ ಹೊಗೆಯ ಗೋಡೆಯನ್ನು ದಾಟಿ ಎದುರಾಳಿಗಳ ನಡುವೆ ನುಗ್ಗುವುದಕ್ಕೆ ಪ್ರಸಿದ್ಧರಾಗಿದ್ದರು. ಹೊಗೆ ಇರುವಷ್ಟು ಹೊತ್ತು ಆ ದಾರಿಯಿಂದ ಯಾರೂ ಬರುವುದಿಲ್ಲ ಎಂಬುದು ಎಲ್ಲ ತಂಡಗಳೂ ಮಾಡಿಕೊಳ್ಳುವ ಊಹೆ. ಆ ಊಹೆಯನ್ನು ಆಗಾಗ ಮುರಿಯುವ ಒಬ್ಬ ಆಟಗಾರ ಎದುರಿಗಿದ್ದರೆ, ಅವನು ಬಾರದ ಸುತ್ತುಗಳಲ್ಲೂ ಹೊಗೆಯ ಕಡೆಗೆ ಒಂದು ಬಂದೂಕನ್ನು ತಿರುಗಿಸಿ ಇಡಬೇಕಾಗುತ್ತದೆ. ದುಡುಕಿನಂತೆ ಕಾಣುವ ನಡೆಯೊಂದು ತಂತ್ರವಾಗಿ ಪರಿಣಮಿಸುವುದು ಹೀಗೆ.

ಈ ಎಲ್ಲವನ್ನೂ ಪಂದ್ಯದ ನೇರಪ್ರಸಾರದಲ್ಲಿ ಹಿಡಿಯುವುದು ಕಷ್ಟ, ಏಕೆಂದರೆ ಪ್ರಸಾರದ ಕ್ಯಾಮೆರಾ ಒಂದು ಸಲಕ್ಕೆ ಒಬ್ಬನ ಕಣ್ಣಿನಿಂದ ನೋಡುತ್ತದೆ ಮತ್ತು ಸಾವು ಸಂಭವಿಸುವ ಕಡೆಗೇ ಓಡುತ್ತದೆ. ಗಂಭೀರ ಅಭ್ಯಾಸಿಗಳು ಬಳಸುವುದು ಡೆಮೊ ಎಂಬ ಕಡತಗಳನ್ನು. ಅವು ಪಂದ್ಯದ ಪ್ರತಿಯೊಂದು ಚಲನೆಯನ್ನೂ ದಾಖಲಿಸಿಕೊಂಡಿರುವುದರಿಂದ, ಹತ್ತು ಜನರಲ್ಲಿ ಯಾರ ಕಣ್ಣಿನಿಂದಲಾದರೂ ಅಥವಾ ನಕ್ಷೆಯ ಮೇಲಿನಿಂದ ಹತ್ತು ಚುಕ್ಕೆಗಳಾಗಿಯಾದರೂ ಅದೇ ಸುತ್ತನ್ನು ಮತ್ತೆ ನೋಡಬಹುದು. ವೃತ್ತಿಪರ ತಂಡಗಳ ತರಬೇತುದಾರರು ಎದುರಾಳಿಗಳ ಡೆಮೊಗಳನ್ನು ನೋಡಿ, ಅವರು ಹಣ ಕಡಿಮೆಯಿದ್ದಾಗ ಎಲ್ಲಿ ಗುಂಪಾಗುತ್ತಾರೆ, ಮೊದಲ ಸಾವು ಆದಮೇಲೆ ಯಾರು ಯಾವ ಕಡೆ ಸರಿಯುತ್ತಾರೆ ಎಂಬ ಅಭ್ಯಾಸಗಳನ್ನು ಗುರುತಿಸಿಕೊಳ್ಳುತ್ತಾರೆ. ಅಂಕಿಅಂಶಗಳೂ ಬೇಕು, ಆದರೆ ಅವುಗಳಿಗೆ ತೂಕ ಕೊಡುವಲ್ಲಿ ಎಚ್ಚರ ಅಗತ್ಯ. ಕೊಂದವರ ಸಂಖ್ಯೆಯನ್ನು ತಾನು ಸತ್ತ ಸಲಗಳ ಸಂಖ್ಯೆಯೊಂದಿಗೆ ಹೋಲಿಸುವ ಹಳೆಯ ಪದ್ಧತಿಯಲ್ಲಿ, ಸೋತ ಸುತ್ತಿನ ಕೊನೆಯಲ್ಲಿ ಬಂದ ನಿರುಪಯುಕ್ತ ಹತ್ಯೆಗೂ ಸುತ್ತನ್ನು ತೆರೆದ ಮೊದಲ ಹತ್ಯೆಗೂ ಒಂದೇ ಬೆಲೆ ಇರುತ್ತದೆ. ಇನ್ನೊಂದು ಅಪಾಯವೆಂದರೆ ಫಲಿತಾಂಶದಿಂದ ನಿರ್ಧಾರವನ್ನು ಅಳೆಯುವುದು. ಮೂವರ ಎದುರು ಒಬ್ಬನೇ ಉಳಿದವನು ಆಯುಧ ಉಳಿಸಿಕೊಳ್ಳಲು ಓಡದೆ ಕಾದಾಡಿ ಗೆದ್ದರೆ ಸಭಾಂಗಣ ಕುಣಿಯುತ್ತದೆ, ಆದರೆ ಹತ್ತು ಸಲ ಹಾಗೆ ಮಾಡಿದರೆ ಬಹುಪಾಲು ಸಲ ತಂಡ ಸುತ್ತನ್ನೂ ಬಂದೂಕನ್ನೂ ಕಳೆದುಕೊಳ್ಳುತ್ತದೆ. ಸರಿಯಾದ ಕರೆ ಸೋಲಿನಲ್ಲಿ ಮುಗಿಯುವುದೂ ತಪ್ಪು ಕರೆ ಗೆಲುವಿನಲ್ಲಿ ಮುಗಿಯುವುದೂ ಪ್ರತಿ ಪಂದ್ಯದಲ್ಲೂ ಇದ್ದದ್ದೇ.

ಬಾಸ್ಟನ್ನಿನ ಪಂದ್ಯವನ್ನು ಇಂದಿನ ಆಟದ ಅಳತೆಗೋಲಿನಿಂದ ಅಳೆಯುವಂತಿಲ್ಲ ಎಂಬುದನ್ನೂ ಗಮನಿಸಬೇಕು. 2019ರ ಮಾರ್ಚಿನಲ್ಲಿ ಸೋಲಿನ ಪರಿಹಾರದ ನಿಯಮ ಬದಲಾಗಿ, ಒಂದು ಗೆಲುವು ಏಣಿಯನ್ನು ಪೂರ್ತಿ ಕೆಡವದೆ ಒಂದೇ ಮೆಟ್ಟಿಲು ಇಳಿಸುವಂತಾಯಿತು. ಇದರಿಂದ ಎರಡು ಸೋಲಿಗೆ ಕೈ ಬರಿದಾಗುವ ಭಯ ಬಹಳಷ್ಟು ತಗ್ಗಿತು. 2023ರ ಸೆಪ್ಟೆಂಬರ್ 27ರಂದು ಬಂದ ಕೌಂಟರ್-ಸ್ಟ್ರೈಕ್ 2ರಲ್ಲಿ ಹೊಗೆಯು ಗುಂಡು ತಾಗಿದಾಗ ತೂತಾಗುತ್ತದೆ, ಸಿಡಿಯುವ ಗ್ರೆನೇಡು ಬಿದ್ದರೆ ಕೆಲ ಕ್ಷಣ ಚದುರಿ ದಾರಿ ಬಿಡುತ್ತದೆ, ಆದ್ದರಿಂದ 18 ಸೆಕೆಂಡುಗಳ ಗೋಡೆಯನ್ನು ನಂಬಿ ಕಟ್ಟಿದ ಹಳೆಯ ವ್ಯೂಹಗಳಲ್ಲಿ ಎಷ್ಟೋ ಮರುಪರಿಶೀಲನೆಗೆ ಒಳಗಾದವು. ಅದೇ ಹೊತ್ತಿಗೆ ನಕ್ಷೆಯೊಂದರ ಗರಿಷ್ಠ ಸುತ್ತುಗಳು 30ರಿಂದ 24ಕ್ಕೆ ಇಳಿದು, ಗೆಲುವಿಗೆ 16ರ ಬದಲು 13 ಸಾಕಾಯಿತು. ಪಿಸ್ತೂಲ್ ಸುತ್ತುಗಳು ಮಾತ್ರ ಮೊದಲಿನಂತೆ ಎರಡೇ ಉಳಿದಿರುವುದರಿಂದ ಒಟ್ಟು ಪಂದ್ಯದಲ್ಲಿ ಅವುಗಳ ಪಾಲು ಹೆಚ್ಚಿತು. ಪಿಸ್ತೂಲ್ ಸುತ್ತನ್ನೂ ಅದರ ಬೆನ್ನಿಗೆ ಬರುವ ಸುತ್ತನ್ನೂ ಕಳೆದುಕೊಂಡ ತಂಡಕ್ಕೆ ಹಿಂದೆ 15 ಸುತ್ತುಗಳ ಅರ್ಧದಲ್ಲಿ 13 ಉಳಿದಿರುತ್ತಿದ್ದವು, ಈಗ 12ರಲ್ಲಿ 10 ಮಾತ್ರ ಉಳಿಯುತ್ತವೆ. ಈ ಕಾರಣದಿಂದ ತಲಾ 800 ಡಾಲರನ್ನು ಪಿಸ್ತೂಲಿಗೆ, ಕವಚಕ್ಕೆ ಮತ್ತು ಒಂದೆರಡು ಗ್ರೆನೇಡುಗಳಿಗೆ ಐವರ ನಡುವೆ ಹೇಗೆ ಹಂಚಬೇಕೆಂಬ ಮೊದಲ ಸುತ್ತಿನ ಲೆಕ್ಕವನ್ನು ತಂಡಗಳು ಹಿಂದೆಂದಿಗಿಂತ ಹೆಚ್ಚು ಜತನದಿಂದ ಮಾಡಬೇಕಾಗಿದೆ.